ತೂತಿಲ್ಲದ ಬಕೆಟ್ಟು, ಹುಳಿ ಕಾಣದ ಕೆಸು

ಮೇ ತಿಂಗಳ ಕೊನೆಗೆ ಕುಮಟಾ, ಹೊನ್ನಾವರ, ಭಟ್ಕಳದ ಕಡೆಯ ಮನೆಗಳ ಹಿತ್ತಲಿಗೆ ಒಮ್ಮೆ ಹೋಗಿ ನೋಡಬೇಕು. ಪಾಗಾರದ ಬುಡದಲ್ಲಿ ಸಾಲಾಗಿ ಕೂತಿರುತ್ತವೆ: ಮನೆಗೆ ಬಣ್ಣ ಬಳಿಸಿದಾಗ ಉಳಿದ 20 ಲೀಟರಿನ ಬಕೆಟ್ಟು, ಬಾಯಿ ಕೊಯ್ದ ಎಣ್ಣೆ ಕ್ಯಾನು, ಕುತ್ತಿಗೆ ಸೀಳಿದ ಕೊಡಪಾನ, ಮಗು ದೊಡ್ಡದಾದ ಮೇಲೆ ಬೇಡವಾದ ಸ್ನಾನದ ಟಬ್ಬು, ಮಡಚಿಟ್ಟ ಗೊಬ್ಬರದ ಚೀಲ. ಮಳೆ ಹಿಡಿಯುವ ಮೊದಲು ಇವಕ್ಕೆಲ್ಲ ಮಣ್ಣು ತುಂಬಬೇಕೆಂಬ ಗಡಿಬಿಡಿ. ಮನೆ ಕಟ್ಟಿ ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿದವರಿಗೆ ಮಣ್ಣು ಸಿಗುವುದೇ ಬಕೆಟ್ಟಿನೊಳಗೆ. ಭಟ್ಕಳ ಪೇಟೆಯ ಇಕ್ಕಟ್ಟಿನ ಮನೆಗಳಲ್ಲಂತೂ ಟೆರೇಸೇ ಹಿತ್ತಲು.

ಏನು ನೆಡುವುದು ಎನ್ನುವುದನ್ನು ಈಗ ಮೊಬೈಲು ಹೇಳುತ್ತದೆ. ಇಂಗ್ಲೆಂಡಿನ ಯಾರದೋ ತೋಟದ ವಿಡಿಯೊ ಬರುತ್ತದೆ. ಕೆಂಪು ದಂಟಿನ, ಅಗಲ ಎಲೆಯ ಗಿಡ. ಅದರ ಮೇಲೆ ಹಳೆಯ ಪ್ಲಾಸ್ಟಿಕ್ ಬಕೆಟ್ಟೊಂದನ್ನು ಬೋರಲು ಹಾಕಿ, ಮೇಲೊಂದು ಇಟ್ಟಿಗೆ ಇಡುತ್ತಾರೆ. ಕೆಲ ವಾರ ಬಿಟ್ಟು ಎತ್ತಿದರೆ ಒಳಗೆ ಎಳೆಗುಲಾಬಿ ಬಣ್ಣದ ಉದ್ದುದ್ದ ದಂಟು. ಗಿಡದ ಹೆಸರು ರುಬಾರ್ಬ್. ಅದರ ಬೀಜದ ಪೊಟ್ಟಣ ಆನ್‌ಲೈನ್‌ನಲ್ಲಿ ಸಿಗುತ್ತದೆ, ಮನೆ ಬಾಗಿಲಿಗೇ ಬರುತ್ತದೆ. ಬೀಜ ಮೊಳೆಯಲೂಬಹುದು. ಆಮೇಲೆ ನಮ್ಮ ಏಪ್ರಿಲ್ ಬರುತ್ತದೆ.

ರುಬಾರ್ಬ್ ಚಳಿ ಉಂಡು ಬದುಕುವ ಗಿಡ. ಚಳಿಗಾಲದಲ್ಲಿ ಅದರ ಬುಡ ಮಣ್ಣಿನೊಳಗೆ ನಿದ್ದೆ ಹೋಗಬೇಕು, ಸುತ್ತಲಿನ ಉಷ್ಣಾಂಶ ವಾರಗಟ್ಟಲೆ 4–5 ಡಿಗ್ರಿಗಿಂತ ಕೆಳಗಿರಬೇಕು. ಹಾಗಾದರೆ ಮಾತ್ರ ವಸಂತದಲ್ಲಿ ದಪ್ಪ ದಂಟು ಬಿಡುತ್ತದೆ. ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ವೇಕ್‌ಫೀಲ್ಡ್ ಸುತ್ತಮುತ್ತ ಇದಕ್ಕೆಂದೇ ಕತ್ತಲೆ ಕೊಟ್ಟಿಗೆಗಳಿವೆ. ಹೊಲದಲ್ಲಿ ಹಿಮ ಕಂಡ ಬುಡಗಳನ್ನು ಕಿತ್ತು ತಂದು ಒಳಗಿಟ್ಟು, ಬೆಳಕು ತಾಗದಂತೆ ಬೆಳೆಸಿ, ಮೇಣದ ಬತ್ತಿಯ ಬೆಳಕಿನಲ್ಲಿ ಕೊಯ್ಯುತ್ತಾರೆ. ಆ ಬೆಳೆಗೆ 2010ರಲ್ಲಿ ಐರೋಪ್ಯ ಒಕ್ಕೂಟದ ಸ್ಥಳನಾಮದ ರಕ್ಷಣೆಯೂ ಸಿಕ್ಕಿತು. ಬೋರಲು ಬಕೆಟ್ಟಿನ ವಿಡಿಯೊ ಅದೇ ಕೊಟ್ಟಿಗೆಯ ಸಣ್ಣ ಅವತಾರ. ನಮ್ಮಲ್ಲಾದರೋ ಜನವರಿಯ ರಾತ್ರಿಯೂ ಪಾದರಸ ಸಾಮಾನ್ಯವಾಗಿ 15 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ಇದೇ ಕುಲದ ಹಿಮಾಲಯದ ಗಿಡದ ಒಣಬೇರು ರೇವಲಚಿನ್ನಿ ಎಂಬ ಹೆಸರಿನಲ್ಲಿ ಗ್ರಂಥಿಗೆ ಅಂಗಡಿಯ ಡಬ್ಬಿಗೆ ಬಂದಿದೆ. ಕರಾವಳಿಗೆ ಈ ಕುಲ ಬರುವುದಿದ್ದರೆ ಹಾಗೆಯೇ, ಒಣಗಿ.

ಬೇಸರ ಮಾಡಿಕೊಳ್ಳುವಂಥದ್ದೇನೂ ಇಲ್ಲ. ಅಗಲ ಎಲೆ, ರಸಭರಿತ ದಂಟು, ಹಸಿಯಾಗಿ ಬಾಯಿಗಿಟ್ಟರೆ ಶಿಕ್ಷೆ, ಸರಿಯಾಗಿ ಬೇಯಿಸಿದರೆ ಎರಡು ತುತ್ತು ಹೆಚ್ಚು: ಈ ಲಕ್ಷಣದ ಗಿಡ ನಮ್ಮ ಬಚ್ಚಲ ಕಡೆಯ ಕೊಚ್ಚೆಯಲ್ಲೇ ಇದೆ. ಕೆಸು.

ಎರಡಕ್ಕೂ ನಂಟು ಬರೀ ರೂಪದ್ದಲ್ಲ, ರಾಸಾಯನಿಕದ್ದು. ರುಬಾರ್ಬ್ ಎಲೆಯಲ್ಲಿ ಆಕ್ಸಾಲಿಕ್ ಆಮ್ಲ ಜಾಸ್ತಿ. ಅದಕ್ಕೇ ದಂಟು ಮಾತ್ರ ತಿಂದು ಎಲೆ ಎಸೆಯುತ್ತಾರೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ತರಕಾರಿಗೆ ತತ್ವಾರವಾದಾಗ ಎಲೆಯನ್ನೂ ತಿನ್ನಿ ಎಂಬ ಸಲಹೆ ಹೊರಟು, ವಿಷವೇರಿ ಜನ ಸತ್ತದ್ದುಂಟು. ಕೆಸುವಿನಲ್ಲಿ ಆಕ್ಸಲೇಟು ಕ್ಯಾಲ್ಸಿಯಂ ಜೊತೆ ಸೇರಿ ಕಣ್ಣಿಗೆ ಕಾಣದ ಸೂಜಿಗಳಾಗಿ ಎಲೆ, ದಂಟು, ಗಡ್ಡೆಯೊಳಗೆ ಕೂತಿರುತ್ತದೆ. ಅರೆಬೆಂದ ಕೆಸು ತಿಂದವನ ಗಂಟಲು ಕೆರೆಯುವುದು ಆ ಸೂಜಿಗಳ ಕೆಲಸ. ರುಬಾರ್ಬ್ ದಂಟು ತಾನೇ ಹುಳಿ, ಅದಕ್ಕೆ ಸಕ್ಕರೆ ಸುರಿಯುತ್ತಾರೆ. ಕೆಸುವಿಗೆ ಹುಳಿಯನ್ನು ನಾವು ಹಾಕಬೇಕು. ಹುಣಸೆ, ವಾಟೆಹುಳಿ, ಅಮಟೆಕಾಯಿ, ಬಿಂಬುಳಿ, ಮುರುಗಲು, ಯಾವುದು ಮನೆಯಲ್ಲಿದೆಯೋ ಅದು. ಆದರೆ ಹುಳಿ ಬಿದ್ದಿತೆಂದು ಬೇಗ ಇಳಿಸಬಾರದು. ತುರಿಕೆಯನ್ನು ನಿಜವಾಗಿ ಸಾಯಿಸುವುದು ಬೆಂಕಿ. ಕಲ್ಲು ಕಟ್ಟಿದ ಮೂತ್ರಪಿಂಡದವರು ಎರಡು ಸಲ ಯೋಚಿಸುವುದು ಒಳ್ಳೆಯದು, ಅವರಿಗೆ ಬಿಂಬುಳಿಯೂ ಹಗೆಯೇ. ಔಷಧಿಯೆಂದು ಬಿಂಬುಳಿಯ ಗಟ್ಟಿ ರಸ ಕುಡಿದು ಕಿಡ್ನಿ ಕೆಡಿಸಿಕೊಂಡವರ ಪ್ರಕರಣಗಳನ್ನು ಕೇರಳದ ವೈದ್ಯರು ದಾಖಲಿಸಿದ್ದಾರೆ.

ಹವ್ಯಕರ ಮನೆಯ ಕರಕಲಿ ಮಾಡುವುದನ್ನು ಹತ್ತಿರ ನಿಂತು ನೋಡಿದರೆ ಈ ಜ್ಞಾನವೆಲ್ಲ ಕೈಯಲ್ಲೇ ಇರುವುದು ಕಾಣುತ್ತದೆ. ಸುರುಳಿ ಬಿಚ್ಚುತ್ತಿರುವ ಎಳೆ ಎಲೆಯನ್ನೇ ಆರಿಸುತ್ತಾರೆ. ಅಂಗೈಗೆ ತೆಂಗಿನೆಣ್ಣೆ ಸವರಿಕೊಂಡು, ದಂಟಿನ ನಾರು ಸುಲಿದು, ಮೆಟ್ಟುಗತ್ತಿಯಲ್ಲಿ ಸಣ್ಣಗೆ ಹೆಚ್ಚುತ್ತಾರೆ. ಹುಣಸೆಹುಳಿ, ಹಸಿಮೆಣಸು, ಉಪ್ಪಿನ ಜೊತೆ ಬೇಯಲಿಟ್ಟು, ಮುದ್ದೆಯಾಗುವ ತನಕ ಸೌಟಿನ ಬೆನ್ನಿನಿಂದ ಹಿಸುಕುತ್ತಾರೆ. ಬಣ್ಣ ಹಸಿರಿನಿಂದ ಕಪ್ಪಿನತ್ತ ತಿರುಗಿ, ತಳ ಬಿಡಲು ಶುರುವಾದ ಮೇಲೆ ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಕುಚ್ಚಲಕ್ಕಿ ಅನ್ನಕ್ಕೆ ಒಂದು ಚಮಚ ಸಾಕು. ಅದೇ ಎಲೆಗೆ ಕೊಂಕಣಿಗರು ಅಕ್ಕಿ-ಮಸಾಲೆ ಹಿಟ್ಟು ಸವರಿ ಸುತ್ತಿ ಪತ್ರೊಡೆ ಮಾಡುತ್ತಾರೆ. ಮರದ ಕವಲಿನಲ್ಲಿ ಮಳೆಗಾಲಕ್ಕೆ ಮಾತ್ರ ಚಿಗುರುವ ಮರಕೆಸು ಸಿಕ್ಕಿದರೆ ಪತ್ರೊಡೆಗೆ ಅದೇ ಮೇಲು ಎನ್ನುವವರು ಎಲ್ಲ ಜಾತಿಯಲ್ಲೂ ಇದ್ದಾರೆ.

ಬಕೆಟ್ಟಿಗೆ ಕೆಸು ಹೇಳಿ ಮಾಡಿಸಿದ ಗಿಡ. ಬೇರು ಆಳಕ್ಕಿಳಿಯುವುದಿಲ್ಲ, ಅರೆನೆರಳು ನಡೆಯುತ್ತದೆ, ತೇವ ಹೆಚ್ಚಾದರೂ ಮುನಿಯುವುದಿಲ್ಲ. ಕೋಳಿಮೊಟ್ಟೆ ಗಾತ್ರದ ಒಂದು ಗಡ್ಡೆಯನ್ನು ಮೊಳಕೆ ಮೇಲಾಗುವಂತೆ ನಾಲ್ಕು ಬೆರಳು ಆಳಕ್ಕೆ ಹೂತರೆ ಆಷಾಢದ ಹೊತ್ತಿಗೆ ಎಲೆ ಕೊಯ್ಯಬಹುದು. ಕರಿದಂಟಿನದ್ದು ಎಲೆಗೂ ದಂಟಿಗೂ ಒಳ್ಳೆಯದು. ಹಿತ್ತಲ ಕೆಸುವಿಗಿಂತ ಬಕೆಟ್ಟಿನ ಕೆಸುವಿಗೆ ಒಂದು ಹೆಚ್ಚುಗಾರಿಕೆಯೂ ಇದೆ: ಅದು ಬಚ್ಚಲ ನೀರು ಕುಡಿದು ಬೆಳೆದದ್ದಲ್ಲ. ಮಾರ್ಜಕ, ಶಾಂಪೂ ಹರಿಯುವ ಈಗಿನ ಕೊಚ್ಚೆಯ ಪಕ್ಕದ ಕೆಸುವನ್ನು ತಿನ್ನಲು ನನಗಂತೂ ಮನಸ್ಸು ಬರುವುದಿಲ್ಲ.

ಇಷ್ಟಾದರೂ ಜುಲೈಯಲ್ಲಿ ಕೆಲವರ ಬಕೆಟ್ಟಿನಲ್ಲಿ ಕೆಸುವೂ ಕೊಳೆಯುತ್ತದೆ. ಕಾರಣ ಕೇಳಲು ಕೃಷಿ ವಿಜ್ಞಾನಿ ಬೇಕಿಲ್ಲ. ಹಿತ್ತಲಿಗೆ ಬಂದ ಹಾಲಕ್ಕಿ ಸಮುದಾಯದ ಯಾವ ಅಜ್ಜಿಯೂ ಮೊದಲು ಕೇಳುವ ಪ್ರಶ್ನೆ ಅದೇ: "ತಮಾ, ಬುಡಕ್ಕೆ ತೂತು ಹೊಡ್ದ್ಯಾ?"

ಡಬ್ಬದ ತೋಟದ ಬಗ್ಗೆ ಊರ ಹೊರಗಿನವರು ಬರೆದದ್ದರಲ್ಲೆಲ್ಲ ನೀರು ಉಳಿಸುವ ಉಪಾಯಗಳೇ ತುಂಬಿರುತ್ತವೆ. ನಮಗೆ ಬೇಕಾದದ್ದು ನೀರು ಕಳೆಯುವ ಉಪಾಯ. ಹೊನ್ನಾವರದ ಸುತ್ತಮುತ್ತ ವರ್ಷದ ಮಳೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. 20 ಲೀಟರಿನ ಬಕೆಟ್ಟಿನ ಬಾಯಿ ಸುಮಾರು ಒಂದಡಿ ಅಗಲ. ಲೆಕ್ಕ ಹಾಕಿದರೆ ಒಂದು ಮಳೆಗಾಲದಲ್ಲಿ ಆ ಬಾಯಿಯೊಳಗೆ ಇನ್ನೂರು ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. 2022ರ ಆಗಸ್ಟ್ 1ರ ರಾತ್ರಿಯಿಂದ 2ರ ಬೆಳಗಿನವರೆಗೆ ಭಟ್ಕಳದಲ್ಲಿ ಸುರಿದದ್ದು 500 ಮಿಲಿಮೀಟರ್ ದಾಟಿತ್ತು. ಚಳ್ಳಕೆರೆಯವರು ಇಡೀ ವರ್ಷ ಕಾಣುವ ಮಳೆ ಹೆಚ್ಚುಕಡಿಮೆ ಅಷ್ಟೇ. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಸತ್ತ, ಪೇಟೆಯ ಅಂಗಡಿಗಳೊಳಗೆ ನೀರು ನುಗ್ಗಿದ ಆ ಹೊತ್ತಿನಲ್ಲಿ ಬಕೆಟ್ಟಿನ ಗಿಡದ ಚಿಂತೆ ಯಾರಿಗೂ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಆದರೆ ಒಂದು ಬಕೆಟ್ಟು ಒಂದೇ ದಿನ 35 ಲೀಟರ್ ಹೊರಹಾಕಬೇಕಾದ ಊರು ಇದು ಎಂಬುದನ್ನು ತೂತು ಕೊರೆಯುವಾಗ ನೆನಪಿಡಬೇಕು.

ತಳದ ಮಧ್ಯೆ ಒಂದೇ ತೂತು ಹೊಡೆದರೆ ಸಾಲದು; ಬಕೆಟ್ಟು ಸಪಾಟು ನೆಲದ ಮೇಲೆ ಕೂತ ಕೂಡಲೇ ಅದು ಮುಚ್ಚಿಹೋಗುತ್ತದೆ. ಬದಿಯಲ್ಲಿ, ತಳದಿಂದ ಒಂದಿಂಚು ಮೇಲೆ, ಸುತ್ತಲೂ ಆರು ತೂತು ಬೇಕು. ತಳದಲ್ಲಿ ಇನ್ನು ನಾಲ್ಕು. ಕಿರುಬೆರಳು ತೂರುವಷ್ಟು ದೊಡ್ಡದು. ನಮ್ಮಲ್ಲಿ ಒಲೆಯಲ್ಲಿ ಕಾಯಿಸಿದ ಕಬ್ಬಿಣದ ಸರಳಿನಿಂದ ಚುಚ್ಚುವುದು ರೂಢಿ. ಕೆಲಸವೇನೋ ಆಗುತ್ತದೆ, ಆದರೆ ಆ ಹೊಗೆ ಕುಡಿಯುವಂಥದ್ದಲ್ಲ. ಬಡಗಿಯ ಡ್ರಿಲ್ಲು ಐದು ನಿಮಿಷಕ್ಕೆ ಕೇಳಿ ತಂದರೆ ಅಂಚು ಸೀಳದೆ ನಯವಾಗಿಯೂ ಬರುತ್ತದೆ. ತಳಕ್ಕೆ ಚಿರೇಕಲ್ಲಿನ ಚೂರು, ಅದರ ಮೇಲೆ ತೆಂಗಿನ ಸಿಪ್ಪೆ ಬೋರಲಾಗಿ, ಆಮೇಲೆ ಮಣ್ಣು. ಇಡುವಾಗ ಕೆಳಗೆ ಎರಡು ಕಲ್ಲು ಕೊಟ್ಟು ಎತ್ತರಿಸಬೇಕು. ಒದ್ದೆ ಮಣ್ಣು ತುಂಬಿದ ಬಕೆಟ್ಟು ಮೂವತ್ತು ಕೆ.ಜಿ. ತೂಗುತ್ತದೆ, ಹಿಡಿಕೆ ಹಿಡಿದು ಎತ್ತಿದರೆ ಹಿಡಿಕೆ ಮಾತ್ರ ಕೈಗೆ ಬರುತ್ತದೆ. ಟೆರೇಸಿನಲ್ಲಿ ಐವತ್ತು ಬಕೆಟ್ಟು ಜೋಡಿಸುವ ಉತ್ಸಾಹಿಗಳು ಈ ತೂಕವನ್ನು ಐವತ್ತರಿಂದ ಗುಣಿಸಿಕೊಳ್ಳಲಿ.

ತೂತಿನ ಮಹತ್ವ ಗೊತ್ತಿದ್ದವರೆಂದರೆ ಅರಣ್ಯ ಇಲಾಖೆಯ ನರ್ಸರಿಯ ಹೆಂಗಸರು. ಕುಮಟಾದ ಆಚೆ, ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ದಶಕಗಳ ಕಾಲ ಇಂಥ ನರ್ಸರಿಯಲ್ಲಿ ಕಾಡುಮರದ ಸಸಿ ಎಬ್ಬಿಸಿದರು. ಅವರ ಹೆಸರು ಪದ್ಮಶ್ರೀ ಪಟ್ಟಿಯಲ್ಲಿ ಬಂದದ್ದು 2020ರಲ್ಲಿ, ತೀರಿಕೊಂಡದ್ದು 2024ರ ಡಿಸೆಂಬರ್‌ನಲ್ಲಿ. ಆ ಸಸಿಗಳೆಲ್ಲ ಬೆಳೆಯುವುದು ತೂತು ಹೊಡೆದ ಕಪ್ಪು ಪ್ಲಾಸ್ಟಿಕ್ ಕೊಟ್ಟೆಯಲ್ಲಿ. ನೆಡುವಾಗ ಕೊಟ್ಟೆ ಹರಿದು ತೆಗೆಯದಿದ್ದರೆ ಬೇರು ಒಳಗೇ ಸುತ್ತಿಕೊಂಡು ಮರವಾಗುವ ಗಿಡ ಕುಳ್ಳಾಗಿಯೇ ಉಳಿಯುತ್ತದೆ. ವನಮಹೋತ್ಸವದ ಫೋಟೊ ಅವಸರದಲ್ಲಿ ಇದನ್ನು ಮರೆಯುವವರು ಈಗಲೂ ಇದ್ದಾರೆ.

ಪ್ಲಾಸ್ಟಿಕ್ ಬರುವ ಮೊದಲೂ ಬೇಡವಾದ ಪಾತ್ರೆಯಲ್ಲಿ ಗಿಡ ಎಬ್ಬಿಸುವುದಿತ್ತು. ಅಡಿಕೆ ಹಾಳೆಯ ಕೊಟ್ಟೆ, ತೆಂಗಿನ ಗರಟೆ, ಒಡೆದ ಮಡಕೆಯ ಬುಡ. ಅವಕ್ಕೊಂದು ಗುಣವಿತ್ತು, ಗಿಡ ನೆಟ್ಟ ಮೇಲೆ ತಾವೂ ಮಣ್ಣಾಗುತ್ತಿದ್ದವು. ಬದನೆ, ಮೆಣಸಿನ ಸಸಿಗೆ ಇವತ್ತಿಗೂ ಹಾಳೆಕೊಟ್ಟೆಯೇ ಸಾಕು. ಪ್ಲಾಸ್ಟಿಕ್ ಬೇಕಾಗುವುದು ಇಡೀ ಹಂಗಾಮು ಒಂದೇ ಪಾತ್ರೆಯಲ್ಲಿ ಇರಬೇಕಾದ ಗಿಡಕ್ಕೆ.

ಹಾಗೆಂದು ಸಿಕ್ಕಿದ್ದೆಲ್ಲ ಬೇಡ. ಡಬ್ಬದ ತಳದಲ್ಲಿ ಬಾಣದ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 2 ಮತ್ತು 5 ಇದ್ದರೆ ಸರಿ, ಬಣ್ಣದ ಬಕೆಟ್ಟು, ಎಣ್ಣೆ ಕ್ಯಾನುಗಳು ಹೆಚ್ಚಾಗಿ ಇವೇ. ನೀರಿನಲ್ಲಿ ಕಲಸುವ ಗೋಡೆ ಬಣ್ಣದ ಬಕೆಟ್ಟನ್ನು ಬಿಸಿಲಿಗಿಟ್ಟರೆ ಒಳಗಿನ ಪದರ ಒಣಗಿ ಹಾಳೆಯ ಹಾಗೆ ಏಳುತ್ತದೆ, ಕಿತ್ತು ತೊಳೆದರಾಯಿತು. ಥಿನ್ನರ್ ವಾಸನೆಯ ಎಣ್ಣೆಬಣ್ಣದ ಡಬ್ಬ ತಿನ್ನುವ ಗಿಡಕ್ಕೆ ಕೂಡದು. ಕಳೆನಾಶಕ, ಕೀಟನಾಶಕದ ಕ್ಯಾನಂತೂ ಎಷ್ಟು ಗಟ್ಟಿಮುಟ್ಟಾಗಿದ್ದರೂ ಮನೆ ಕಡೆ ತರಲೇಬಾರದು. ಅಡಿಕೆ ತೋಟದವರ ಬೋರ್ಡೋ ಡ್ರಮ್ಮಿನದು ಬೇರೆ ಕಥೆ. ಕೊಳೆರೋಗಕ್ಕೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು ಕಲಸುವುದಕ್ಕೆ ಪ್ಲಾಸ್ಟಿಕ್ ಡ್ರಮ್ಮೇ ಬೇಕು, ಕಬ್ಬಿಣದ್ದಾದರೆ ತಾಮ್ರ ಅದನ್ನು ತಿಂದು ದ್ರಾವಣ ಕೆಡುತ್ತದೆ. ಹೀಗೆ ವರ್ಷಗಟ್ಟಲೆ ನೀಲಿಗಟ್ಟಿದ ಡ್ರಮ್ಮು ಸೀಳಿದ ಮೇಲೆ ಅರ್ಧ ಕೊಯ್ದು ಹರಿವೆ ಬಿತ್ತುವ ಆಸೆ ಎಲ್ಲರಿಗೂ ಆಗುತ್ತದೆ. ಅದಕ್ಕೆ ದಾಸವಾಳವೋ ಭಟ್ಕಳ ಮಲ್ಲಿಗೆಯೋ ನೆಟ್ಟರೆ ಡ್ರಮ್ಮಿಗೂ ಮರ್ಯಾದೆ, ಹೊಟ್ಟೆಗೂ ಕ್ಷೇಮ.

ಮೀನಿನ ಥರ್ಮಾಕೋಲ್ ಪೆಟ್ಟಿಗೆಯ ವಿಷಯದಲ್ಲಿ ನಾನು ಹಟಮಾರಿ. ಭಟ್ಕಳದ ಬಂದರು, ಹೊನ್ನಾವರದ ಕಾಸರಕೋಡು, ಕುಮಟಾದ ತದಡಿ, ಮೂರೂ ಕಡೆ ಒಡೆದ ಐಸ್ ಪೆಟ್ಟಿಗೆಗೆ ಬರವಿಲ್ಲ. ಹಗುರ, ಬೇರಿಗೆ ತಂಪು ಎಂದು ಅದರಲ್ಲಿ ಸೊಪ್ಪು ಬೆಳೆಯುವವರಿದ್ದಾರೆ. ಸೊಪ್ಪು ಬರುತ್ತದೆ, ನಿಜ. ಎರಡನೇ ಬೇಸಿಗೆಗೆ ಪೆಟ್ಟಿಗೆ ಸಾಬುದಾನಿಯಂತೆ ಕಾಳುಕಾಳಾಗಿ ಉದುರಿ, ಗಾಳಿಗೆ ಅಂಗಳ, ಅಂಗಳದಿಂದ ಹಳ್ಳ, ಹಳ್ಳದಿಂದ ಶರಾವತಿ ಸೇರುತ್ತದೆ. 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂದ ಕಡಲತೀರ ಕಾಸರಕೋಡಿನಲ್ಲೇ ಇದೆ. ಕಡಲಾಮೆ ಮೊಟ್ಟೆಯಿಡುವ ಮರಳೂ ಅಲ್ಲೇ.

ಮಣ್ಣಿನ ಮಾತು ಚಿಕ್ಕದು. ನಮ್ಮ ಕೆಂಪು ಮಣ್ಣು ಮೊದಲೇ ಹುಳಿ, ಮಳೆಗೆ ಸಾರವೆಲ್ಲ ತೊಳೆದುಹೋಗುತ್ತದೆ. ಅದಕ್ಕೆ ಒಂದೇ ಸಲ ಬುಟ್ಟಿಗಟ್ಟಲೆ ಗೊಬ್ಬರ ಹಾಕುವುದು ದಂಡ. ಹದಿನೈದು ದಿನಕ್ಕೊಮ್ಮೆ ಮುಷ್ಟಿ ಮುಷ್ಟಿ ಹಾಕಬೇಕು. ಸುಡುಮಣ್ಣು ಇದ್ದರೆ ಅರ್ಧ ಗೆದ್ದಂತೆ, ಬಚ್ಚಲ ಒಲೆಯ ಬೂದಿ ಹುಳಿ ಮುರಿಯುತ್ತದೆ. ಮೇಲೆ ದರಕು, ಅಂದರೆ ಒಣಗಿದ ಎಲೆ, ಹೊದಿಸಿದರೆ ಮಳೆಹನಿಯ ಪೆಟ್ಟು ತಪ್ಪುತ್ತದೆ. ಬೇಸಿಗೆಯಲ್ಲಿ ಬೆಟ್ಟದಿಂದ ದರಕು ಗುಡಿಸಿ ತರುವವರು ಮಾತ್ರ ಹುಷಾರು: ಮಂಗನ ಕಾಯಿಲೆಯ ಉಣುಗು ಇರುವುದು ಅದರಲ್ಲೇ, ಹೊನ್ನಾವರ ತಾಲ್ಲೂಕಿನ ಮೇಲುಸೀಮೆಗೆ ಆ ಕಾಯಿಲೆ ಹೊಸದೂ ಅಲ್ಲ.

ಕೆಸುವಿನ ಸರದಿ ಮುಗಿದು ಮಳೆ ಹಿಂದೆಗೆದ ಮೇಲೆ ಅದೇ ಬಕೆಟ್ಟು ಬಸಳೆಗೆ. ಬಲಿತ ಬಳ್ಳಿಯ ಮೂರು ಗಿಣ್ಣಿನ ತುಂಡು ಊರಿ, ಅಡಿಕೆ ದಬ್ಬೆಯ ಸಣ್ಣ ಚಪ್ಪರ ಕಟ್ಟಿದರೆ, ಮೀನು ತೊಳೆದ ನೀರು, ಅಕ್ಕಿ ತೊಳೆದ ನೀರು ಕುಡಿದು ದಂಟು ಹೆಬ್ಬೆರಳಾಗುತ್ತದೆ. ಬಸಳೆಗೆ ಶೆಟ್ಲಿ (ಸಿಗಡಿ) ಬಿದ್ದರೆ ಅದರ ರುಚಿ ಬೇರೆ, ಬೀಳದವರಿಗೆ ಹಲಸಿನ ಬೇಳೆ ಇದೆ. ಗೋಕರ್ಣದ ಮರಳು ನೆಲದಲ್ಲಿ ಹಾಲಕ್ಕಿ ಹೆಂಗಸರು ಎರಡು ಕೈಯಲ್ಲಿ ಎರಡು ಕೊಡ ಹಿಡಿದು, ಗುಂಡಿಯ ನೀರು ಮೊಗೆದು ಹರಿವೆ-ಮೂಲಂಗಿ ಮಡಿಗೆ ಹನಿಸುವುದನ್ನು ನೋಡಿದವರಿಗೆ ನವೆಂಬರ್‌ನಿಂದ ಮೇವರೆಗಿನ ಪಾಠ ಬೇರೆ ಬೇಕಿಲ್ಲ. ಮಳೆಗಾಲವಿಡೀ ನೀರು ಹೊರಹಾಕಿದ ಊರು ಉಳಿದ ತಿಂಗಳೆಲ್ಲ ನೀರಿಗೆ ಕಾಯುತ್ತದೆ. ಆಗ ಎರಡು ಲೀಟರಿನ ಬಾಟಲಿಯ ಮುಚ್ಚಳಕ್ಕೆ ಸೂಜಿತೂತು ಮಾಡಿ, ತಳ ಕೊಯ್ದು, ಬುಡದಲ್ಲಿ ಬೋರಲು ಊರಿದರೆ ಹನಿಹನಿ ಇಳಿಯುತ್ತದೆ. ಜೂನ್ ಬಂದಾಗ ಅದೇ ಬಾಟಲಿ ಎಳೆ ಸಸಿಗೆ ಕೊಪ್ಪೆ. ಕುಮಟಾದ ಹೆದ್ದಾರಿ ಬದಿಯಲ್ಲಿ ಗೊಂಚಲು ಗೊಂಚಲಾಗಿ ತೂಗುವ ಸಿಹಿ ಈರುಳ್ಳಿಯನ್ನೂ ಬಕೆಟ್ಟಿನಲ್ಲಿ ಬೆಳೆಯಬಹುದೇ ಎಂದು ಕೇಳುವವರಿದ್ದಾರೆ. ಗಿಡ ಬಂದೀತು, ಆದರೆ ಆ ಸಿಹಿ ಅಳವೇಕೋಡಿ, ವನ್ನಳ್ಳಿಯ ಗದ್ದೆಯದು, ಅಲ್ಲಿಯವರಿಂದಲೇ ಕೊಂಡು ತನ್ನಿ.

ತಟ್ಟೆ ಇಡುವ ಚಾಳಿಯನ್ನು ಮಳೆಗಾಲದಲ್ಲಿ ಬಿಡಬೇಕು. ಬಕೆಟ್ಟಿನ ಕೆಳಗಿನ ತಟ್ಟೆ, ಮಣ್ಣು ತುಂಬದೆ ಬಿಟ್ಟ ಡಬ್ಬ, ಟಾರ್ಪಾಲಿನ ಮಡಿಕೆ, ಇವುಗಳ ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆಯ ಮೊಟ್ಟೆ ಏಳೆಂಟು ದಿನಕ್ಕೆ ರೆಕ್ಕೆ ಬಿಚ್ಚುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆಗೆ ಎಡೆ ಕೊಟ್ಟ ಮನೆಯವರಿಗೂ ದಂಡ ಎಂದಿತು. ವಾರಕ್ಕೊಮ್ಮೆ ಹಿತ್ತಲು ಸುತ್ತಿ ಎಲ್ಲವನ್ನೂ ಬೋರಲು ಹಾಕಲು ಕಾಲುಗಂಟೆ ಸಾಕು.

ಕೊನೆಗೆ ಬಕೆಟ್ಟಿಗೂ ವಯಸ್ಸಾಗುತ್ತದೆ. ಬಿಸಿಲು ಪ್ಲಾಸ್ಟಿಕ್ಕಿನ ಹಗೆ. ಹೆಣೆದ ಗೊಬ್ಬರದ ಚೀಲ ಒಂದೆರಡು ಬೇಸಿಗೆಗೆ ಎಳೆ ಎಳೆಯಾಗಿ ಬಿಚ್ಚಿ, ಆ ದಾರಗಳು ಮಣ್ಣಿನಲ್ಲಿ ಸೇರಿದರೆ ಮತ್ತೆ ಹೆಕ್ಕಲಾಗದು. ಅದಕ್ಕೆ ಚೀಲದಲ್ಲಿ ಒಂದು ಬೆಳೆ ಶುಂಠಿ ತೆಗೆದು ನಿಲ್ಲಿಸುವುದು ಜಾಣತನ. ಬಿಳಿ ಬಕೆಟ್ಟು ಹೆಚ್ಚು ದಿನ ತಾಳುತ್ತದೆ, ಕಪ್ಪು ಬಣ್ಣದ್ದು ಇನ್ನೂ ಹೆಚ್ಚು. ದೀಪಾವಳಿ ಕಳೆದು ಬಿಸಿಲು ಬಲಿಯುವ ಮುನ್ನ ಪ್ರತಿಯೊಂದರ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಬಾಗಿ ಮರಳಿದರೆ ಇನ್ನೊಂದು ವರ್ಷ. ಬಿಳಿಗೆರೆ ಮೂಡಿದರೆ, ಕೈಗೆ ಸುಣ್ಣದಂಥ ಪುಡಿ ಅಂಟಿದರೆ, ಅವತ್ತೇ ಮಣ್ಣು ಸುರಿದು ತೆಗೆದಿಡಬೇಕು. ಅದನ್ನು ಬಚ್ಚಲ ಒಲೆಗೆ ತುರುಕಿ ಸ್ನಾನದ ನೀರು ಕಾಯಿಸುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ, ಆ ಹೊಗೆ ಮೊದಲು ಹೋಗುವುದು ಒಲೆಗೆ ಊದುವವರ ಎದೆಗೆ. ಹೊಳೆಗೆ ಎಸೆದದ್ದು ದಂಡೆಯ ಕಾಂಡ್ಲಾ ಗಿಡಗಳ ಬೇರಿಗೆ ಸಿಕ್ಕಿ ಮುಂದಿನ ನೆರೆಯವರೆಗೆ ಅಲ್ಲೇ ನೇತಾಡುತ್ತದೆ.

ಗುಜರಿಯವನು ಗಟ್ಟಿ ಪ್ಲಾಸ್ಟಿಕ್ಕನ್ನು ಕೆ.ಜಿ. ಲೆಕ್ಕದಲ್ಲಿ ಒಯ್ಯುತ್ತಾನೆ. ಮಣ್ಣು ಮೆತ್ತಿದ್ದನ್ನು, ಪುಡಿಯಾದದ್ದನ್ನು ಮುಟ್ಟುವುದಿಲ್ಲ. ತೊಳೆದು, ಕಬ್ಬಿಣದ ಹಿಡಿಕೆ ಬೇರ್ಪಡಿಸಿ, ಒಂದರೊಳಗೊಂದು ಸೇರಿಸಿ ಪಾಗಾರದ ಹತ್ತಿರ ಇಟ್ಟರೆ ಅವನೂ ಚೌಕಾಸಿ ಮಾಡದೆ ಎತ್ತಿಕೊಳ್ಳುತ್ತಾನೆ. ಅವನು ಬಾರದ ಕೇರಿಯಲ್ಲಿ ಪಂಚಾಯಿತಿಯ ಕಸದ ಗಾಡಿ ಇದೆ. ಸುರಿದ ಮಣ್ಣನ್ನು ತೆಂಗಿನ ಬುಡಕ್ಕೆ ಹಾಕಿ. ಅದರೊಳಗೆ ಸಣ್ಣ ಸಣ್ಣ ಕೆಸುವಿನ ಗಡ್ಡೆಗಳು ಉಳಿದಿರುತ್ತವೆ, ಹೆಕ್ಕಿ ಬೂದಿಯಲ್ಲಿ ಹೊರಳಿಸಿ ಒಣ ನೆರಳಿನಲ್ಲಿಟ್ಟರೆ ಮೇ ತಿಂಗಳಿಗೆ ಅವೇ ಬೀಜ. ಕರಿದಂಟಿನದ್ದನ್ನು ಬೇರೆ ಇಡಿ, ಪಕ್ಕದ ಮನೆಯವರು ಕೇಳಿಕೊಂಡು ಬರುವುದು ಅದನ್ನೇ.